ಹೀರೆಕಾಯಿ ಹೋಗಿ ಕುಂಬಳಕಾಯಿ ಬಂತೇ?

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ನಮ್ಮ ಅತ್ತೆ, "ನಮ್ ಸೊಸೆ ರಾಮನಗರದಲ್ಲಿ ಅಳ್ಸೋ ಕೆಲ್ಸಕ್ಕೆ ಹೋಯ್ತಾಳೆ" ಎನ್ನುತ್ತಿದ್ದರು. ಗುಡೇಮಾರನಹಳ್ಳಿಯ ನಮ್ಮ ಜಗಲಿಯಲ್ಲಿ ಕೂತವರಿಗೆ ಅದು ಶಾಲೆಯ ಬೋರ್ಡು ಒರೆಸುವ ಕೆಲಸದಂತೆ ಕೇಳಿಸುತ್ತಿತ್ತು. ನಾನು ತಿದ್ದಲು ಹೋಗಲಿಲ್ಲ. ಈಗ ನಿವೃತ್ತಳಾಗಿ ಮನೆಯಲ್ಲಿ ಕೂತು ಯೋಚಿಸಿದರೆ, ನನಗೆ ಸಂಬಳ ಕೊಟ್ಟವರು ಆ ಹುದ್ದೆಗೆ ಇಟ್ಟಿದ್ದ ಉದ್ದನೆಯ ಹೆಸರಿಗಿಂತ ಅತ್ತೆಯ ಮಾತೇ ನಿಜಕ್ಕೆ ಹತ್ತಿರವಿತ್ತು.

ಈ ಕೆಲಸಕ್ಕೆ ಹೊಸದಾಗಿ ಬರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಬೀಳ್ಕೊಡುಗೆಯ ಶಾಲು ಇವುಗಳ ಸುದ್ದಿ ಬೇಡ. ಶಾಲು ಎಲ್ಲರಿಗೂ ಒಂದೇ ಅಂಗಡಿಯದು.

ನಾನು ಮೊದಲು ಮಾಗಡಿಯ ಒಂದು ಮುದ್ರಣಾಲಯದಲ್ಲಿ ಲಗ್ನಪತ್ರಿಕೆ ಟೈಪು ಮಾಡುತ್ತಿದ್ದವಳು. ಅಲ್ಲಿ ತಪ್ಪು ಅಚ್ಚಾದರೆ ಕಟ್ಟು ಬಿಚ್ಚಿ, ಹರಿದು, ಮತ್ತೆ ಅಚ್ಚು ಹಾಕುತ್ತಿದ್ದೆವು. ತಪ್ಪು ಕಣ್ಣೆದುರೇ ಇರುತ್ತಿತ್ತು. ಆಮೇಲೆ ರಾಮನಗರಕ್ಕೆ ಬಂದು, ರೈತರಿಗಾಗಿ ಇಂಟರ್ನೆಟ್ಟಿನಲ್ಲಿ ಮಾಹಿತಿ ಪುಟಗಳನ್ನು ನಡೆಸುವ ಒಂದು ಖಾಸಗಿ ಸಂಸ್ಥೆಗೆ ಸೇರಿದೆ. ಬೆಳೆಗಾರರ ಒಕ್ಕೂಟವೊಂದಕ್ಕೆ ನಾವು ಪುಟಗಳನ್ನು ಮಾಡಿಕೊಡುತ್ತಿದ್ದೆವು. ರೇಷ್ಮೆಗೂಡಿನ ದರ, ಮಾವಿನ ದರ, ಹಿಪ್ಪುನೇರಳೆ ತೋಟಕ್ಕೆ ಯಾವ ರೋಗಕ್ಕೆ ಯಾವ ಔಷಧಿ, ಅದನ್ನು ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಸೊಪ್ಪನ್ನು ರೇಷ್ಮೆ ಹುಳುವಿಗೆ ಹಾಕಬೇಕು, ಇಂಥವು. ಹುಳು ಮೇಯಿಸುವವರಿಗೆ ಈ ಕೊನೆಯ ಪುಟವೇ ಮುಖ್ಯ. ದರ ತಪ್ಪಾದರೆ ಬೈಯುತ್ತಾರೆ, ಔಷಧಿಯ ಪುಟ ತಪ್ಪಾದರೆ ಬೈಯುವುದಕ್ಕೂ ಶಕ್ತಿ ಉಳಿದಿರುವುದಿಲ್ಲ.

ಇಂಥ ಪುಟ ನಮ್ಮ ಕಚೇರಿಯ ಕಂಪ್ಯೂಟರಿನಿಂದ ನೇರವಾಗಿ ರೈತರ ಫೋನಿಗೆ ಹೋಗುವುದಿಲ್ಲ. ಅದರ ನಕಲುಗಳನ್ನು ಬೆಂಗಳೂರು, ಚೆನ್ನೈ ಎಂದು ಊರೂರಿನ ದೊಡ್ಡ ಕಂಪ್ಯೂಟರುಗಳಲ್ಲಿ ಇಟ್ಟಿರುತ್ತಾರೆ. ಫೋನು ತನಗೆ ಹತ್ತಿರದ ನಕಲನ್ನು ತೆಗೆದುಕೊಳ್ಳುತ್ತದೆ. ಈ ಏರ್ಪಾಟಿಗೆ ಸಿಡಿಎನ್ ಎಂದು ಹೆಸರು. ನಾವು ಪುಟ ತಿದ್ದಿದಾಗ ಆ ಹಳೆಯ ನಕಲುಗಳನ್ನೆಲ್ಲ ರದ್ದು ಮಾಡಿ ಎಂದು ಆಜ್ಞೆ ಕಳಿಸಬೇಕು. ಅದಕ್ಕೆ ಇನ್‌ವ್ಯಾಲಿಡೇಶನ್ ಎನ್ನುತ್ತಾರೆ. ಆಜ್ಞೆ ಕಳಿಸುವುದು, ಅದು ನಿಜವಾಗಿ ನಡೆಯಿತೇ ಎಂದು ನೋಡುವುದು, ಇವೆರಡೇ ನನ್ನ ಕೆಲಸ. ಕಳಿಸುವುದಕ್ಕೆ ಒಂದು ಸಾಲು ಸಾಕು. ನೋಡುವುದರಲ್ಲೇ ನನ್ನ ಆಯುಷ್ಯ ಹೋಯಿತು.

ಮೊದಮೊದಲು ನಾವು ಬ್ರೌಸರ್ ತೆರೆದು, ರಿಫ್ರೆಶ್ ಒತ್ತಿ, ಹೊಸ ಪುಟ ಕಂಡರೆ ಟೀ ಕುಡಿಯಲು ಹೋಗುತ್ತಿದ್ದೆವು. ನಮಗೆ ಕಂಡದ್ದು ಲೋಕಕ್ಕೆಲ್ಲ ಕಂಡಿದೆ ಎಂಬ ಭ್ರಮೆ. ಆಮೇಲೆ ಕಪ್ಪು ಪರದೆಯಲ್ಲಿ ಆಜ್ಞೆ ಟೈಪು ಮಾಡಿ ಕೇಳುವುದನ್ನು ಕಲಿತೆ. ಕರ್ಲ್ ಎಂಬ ಒಂದು ಆಜ್ಞೆ ಇದೆ. ಅದು ಪುಟದ ಜೊತೆಗೆ ಪುಟದ ಜಾತಕವನ್ನೂ ತಂದುಕೊಡುತ್ತದೆ: ಈ ನಕಲು ಯಾವ ಊರಿನಿಂದ ಬಂತು, ಹಳೆಯದನ್ನೇ ಎತ್ತಿಕೊಟ್ಟರೋ ಹೊಸದಾಗಿ ತರಿಸಿದರೋ, ಅದರ ವಯಸ್ಸೆಷ್ಟು. ವಯಸ್ಸು ಸೊನ್ನೆ ಎಂದು ಬಂದರೆ ಈಗ ತಾನೇ ಹುಟ್ಟಿದ ನಕಲು. ಬಣ್ಣವಿಲ್ಲ, ಚಿತ್ರವಿಲ್ಲ, ಬರೀ ಸಾಲುಗಳು. ನನಗೆ ಅದು ಇಷ್ಟವಾಯಿತು. ಕೇಳಿದಷ್ಟಕ್ಕೆ ಉತ್ತರ ಕೊಡುವವರನ್ನು ನಾನು ಬದುಕಿನಲ್ಲಿ ಹೆಚ್ಚು ಕಂಡಿಲ್ಲ.

ಆದರೆ ಕಚೇರಿಯಲ್ಲಿ ಕೂತು ಕೇಳಿದರೆ ಯಾವಾಗಲೂ ಬೆಂಗಳೂರಿನ ನಕಲೇ ಉತ್ತರ ಕೊಡುತ್ತಿತ್ತು. ಬೇರೆ ಕಂಪನಿಯ ಸಿಮ್ ಇಟ್ಟುಕೊಂಡವರಿಗೆ ಬೇರೆ ಊರಿನದು ಹೋಗುತ್ತಿತ್ತು. ಹಾಗಾಗಿ ಸುತ್ತಲಿನ ಊರುಗಳಲ್ಲಿ ಪರಿಚಯದವರಿಗೆ ಫೋನು ಮಾಡಿ, ಪುಟ ತೆರೆದು ಕೆಳಗಿನ ಗುರುತು ಓದಿ ಎಂದು ಕೇಳುವ ಪದ್ಧತಿ ಮಾಡಿಕೊಂಡೆ. ಪ್ರತಿ ತಿದ್ದುಪಡಿಗೂ ಕಂಪ್ಯೂಟರು ತಾನೇ ಒಂದು ಗುರುತು ಕೊಡುತ್ತದೆ, ಅಕ್ಷರ ಅಂಕಿ ಕಲಸಿದ ಉದ್ದನೆಯ ಸಾಲು. ಚನ್ನಪಟ್ಟಣದಲ್ಲಿ ನನ್ನ ಚಿಕ್ಕಮ್ಮನ ಮಗ ಅದನ್ನು ಅರ್ಧ ಓದಿ, "ಅಕ್ಕ, ಇದು ಯಾವ ಮಂತ್ರ ಅಂತ ಓದುಸ್ತಿದೀಯ" ಎಂದು ಫೋನು ಇಟ್ಟುಬಿಟ್ಟ.

ಅವತ್ತಿನಿಂದ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಒಂದು ತರಕಾರಿಯ ಹೆಸರು ಹಾಕತೊಡಗಿದೆ. ಒಂದು ತಿದ್ದುಪಡಿಗೆ ಬದನೆಕಾಯಿ, ಮುಂದಿನದಕ್ಕೆ ತೊಂಡೆಕಾಯಿ. ಫೋನಿನಲ್ಲಿ "ಕೆಳಗೆ ಯಾವ ತರಕಾರಿ ಇದೆ" ಎಂದರೆ ಯಾರು ಬೇಕಾದರೂ ಹೇಳುತ್ತಿದ್ದರು. ನನ್ನ ಕಪ್ಪು ಪರದೆಗೂ ತೊಂಡೆಕಾಯಿ ಇದೆಯೇ ಹುಡುಕು ಎಂದರೆ ಹುಡುಕಿ ಹೇಳುತ್ತಿತ್ತು.

ನಮ್ಮ ಮ್ಯಾನೇಜರ್ ಚಂದ್ರಶೇಖರಯ್ಯನವರು ಇದನ್ನು ಕಂಡು, ಒಕ್ಕೂಟದವರು ನೋಡಿದರೆ ಸಂತೆ ಎಂದುಕೊಳ್ಳುತ್ತಾರೆ ಎಂದರು. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಯಾವ ಗಾಬರಿಯಲ್ಲೂ ದನಿ ಏರಿಸದ ಮನುಷ್ಯ. ಬೇಡ ಎನ್ನಲಿಲ್ಲ. ಕೆಲ ದಿನಗಳಾದ ಮೇಲೆ ಬೈರಮಂಗಲದಿಂದ ಒಬ್ಬ ರೈತರ ಫೋನು ಬಂತು. ಪುಟದಲ್ಲಿ ಪಡವಲಕಾಯಿ ಎಂದು ಬರೆದಿದ್ದೀರಿ, ಅದರಿಂದ ತೋಟಕ್ಕೆ ನುಸಿ ಬರುತ್ತದೆಂದು ತಿಳಿದು ಬದುವಿನ ಮೇಲಿನ ಬಳ್ಳಿಯನ್ನೆಲ್ಲ ಕಿತ್ತುಹಾಕಿದೆ, ಈಗ ಅದು ಹೋಗಿ ಬದನೆಕಾಯಿ ಎಂದಿದೆ, ಅದನ್ನೂ ಕೀಳಬೇಕಾ ಎಂದು ಕೇಳಿದರು. ಚಂದ್ರಶೇಖರಯ್ಯನವರು ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ತರಕಾರಿಯ ಪಕ್ಕದಲ್ಲಿ "ಇದು ಗುರುತು ಮಾತ್ರ" ಎಂದು ಸೇರಿಸಿದೆವು. ಸೇರಿಸಿದರೂ ಕೆಲವರು ಅದನ್ನು ಔಷಧಿಯ ಜೊತೆಗೇ ಬರೆದಿಟ್ಟುಕೊಳ್ಳುತ್ತಿದ್ದರು.

ಇನ್ನೊಂದು ಕಾಟ ವಾಟ್ಸಾಪಿನದು. ಪುಟದ ಕೊಂಡಿಯನ್ನು ಒಬ್ಬರಿಗೊಬ್ಬರು ಕಳಿಸುವಾಗ ಅದಕ್ಕೊಂದು ಬಾಲ ಅಂಟಿಕೊಳ್ಳುತ್ತಿತ್ತು. ನಮ್ಮ ಕಣ್ಣಿಗೆ ಅದೇ ಪುಟ, ಸಿಡಿಎನ್ ಲೆಕ್ಕದಲ್ಲಿ ಬಾಲವಿರುವುದು ಬೇರೆ, ಇಲ್ಲದ್ದು ಬೇರೆ. ನಾನು ಬಾಲವಿಲ್ಲದ್ದನ್ನು ಅಳಿಸಿ ಸಮಾಧಾನದಿಂದಿದ್ದರೆ ಬಾಲದವು ಮಾಗಡಿಯ ಗುಂಪುಗಳಲ್ಲಿ ಆರಾಮವಾಗಿ ಓಡಾಡುತ್ತಿದ್ದವು. ಯಾವ ಬಾಲ ಅಂಟಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಸಿಡಿಎನ್‌ಗೆ ಹೇಳಿಕೊಡುವವರೆಗೆ ಈ ಪೀಡೆ ತಪ್ಪಲಿಲ್ಲ.

ಇದರಿಂದ ಬೇಸತ್ತ ಚಂದ್ರಶೇಖರಯ್ಯನವರು ಅದಕ್ಕೆ ಮುಂಚೆ ಒಂದು ಸಲ ತಾವೇ ಕೂತು ನಕ್ಷತ್ರ ಹಾಕಿದ್ದರು. ಆಜ್ಞೆಯಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿದರೆ ಯಾವ ಪುಟವೂ ಉಳಿಯದಂತೆ ಎಲ್ಲ ನಕಲೂ ಒಟ್ಟಿಗೇ ರದ್ದಾಗುತ್ತದೆ. ನೆಗಡಿಗೆ ಮೂಗು ಕುಯ್ದಂತೆ. ಗೂಡಿನ ದರ ನೋಡಲು ಎಲ್ಲರೂ ಫೋನು ಹಿಡಿದು ಕೂತಿದ್ದ ಹೊತ್ತದು. ಹತ್ತಿರದಲ್ಲಿ ನಕಲೇ ಇಲ್ಲವೆಂದ ಮೇಲೆ ಅಷ್ಟೂ ಜನರ ಕೇಳಿಕೆ ನಮ್ಮ ಕಚೇರಿಯ ಬಡ ಕಂಪ್ಯೂಟರಿನ ಮೇಲೆ ಬಿತ್ತು. ಅದು ಸ್ವಲ್ಪ ಹೊತ್ತು ಏದುಸಿರು ಬಿಟ್ಟು ನಿಂತುಹೋಯಿತು. ಒಕ್ಕೂಟದ ಕಾರ್ಯದರ್ಶಿ ಚಂದ್ರಶೇಖರಯ್ಯನವರಿಗೆ ಫೋನಿನಲ್ಲಿ ಏನೆಂದರೋ ಗೊತ್ತಿಲ್ಲ. ಇವರು ನಿಂತುಕೊಂಡೇ ಕೇಳಿಸಿಕೊಂಡರು.

ಮತ್ತೆ ಹೀಗಾಗಬಾರದೆಂದು ಅವರು ಎರಡು ಆದೇಶ ಮಾಡಿದರು. ಅವರ ಅನುಮತಿಯಿಲ್ಲದೆ ಯಾರೂ ನಕ್ಷತ್ರ ಹಾಕುವಂತಿಲ್ಲ. ಇನ್ನೊಂದು, ದರದ ಪುಟ ಬಿಟ್ಟು ಮಿಕ್ಕ ಎಲ್ಲ ಪುಟಗಳನ್ನೂ ರೈತರ ಫೋನುಗಳು ತಮ್ಮಲ್ಲೇ ಬಹಳ ಕಾಲ ಇಟ್ಟುಕೊಳ್ಳಲಿ. ಹಾಗೆಂದು ಪುಟದ ಜಾತಕದಲ್ಲೇ ಬರೆಯಬಹುದು. ಒಮ್ಮೆ ಬರೆದರೆ ಆ ಅವಧಿ ಮುಗಿಯುವವರೆಗೆ ಫೋನು ಮತ್ತೆ ಕೇಳಲು ಬರುವುದೇ ಇಲ್ಲ, ತನ್ನ ಹೊಟ್ಟೆಯಲ್ಲಿರುವುದನ್ನೇ ತೋರಿಸುತ್ತದೆ. ನಮ್ಮ ಕಂಪ್ಯೂಟರಿಗೆ ಹೊರೆ ಕಡಿಮೆಯಾಯಿತು, ಪುಟ ಬೇಗ ತೆರೆದುಕೊಳ್ಳುತ್ತಿತ್ತು, ರೈತರೂ ಹೊಗಳಿದರು. ನನಗೂ ಅದು ಒಳ್ಳೆಯ ಆದೇಶವೆಂದೇ ಕಂಡಿತು.

ಈಗ ಮರಳವಾಡಿಯ ಸಂಗತಿಗೆ ಬರುತ್ತೇನೆ.

ಒಕ್ಕೂಟದ ತಜ್ಞರು ಔಷಧಿಯ ಪುಟಕ್ಕೆ ಹೊಸ ಪಟ್ಟಿ ಕಳಿಸಿದ್ದರು. ನಾವು ಅದನ್ನು ಏರಿಸಿದೆವು. ಅಡಿಯ ಗುರುತು ಹೀರೆಕಾಯಿ. ಮಾರನೆಯ ಬೆಳಗ್ಗೆ ತಜ್ಞರೇ ಫೋನು ಮಾಡಿ, ಪಟ್ಟಿಯಲ್ಲಿ ಎರಡು ಸಾಲು ಅದಲುಬದಲಾಗಿದೆ ಎಂದರು. ಎಲೆ ಸುರುಳಿ ಹುಳುವಿನ ಔಷಧಿ ಬೇಗ ಇಳಿಯುವಂಥದು, ನುಸಿಯ ಔಷಧಿ ಬಹಳ ದಿನ ಎಲೆಯಲ್ಲಿ ಉಳಿಯುವಂಥದು. ಕಾಯಬೇಕಾದ ದಿನಗಳು ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಬಿದ್ದಿದ್ದವು. ಆ ಪುಟವನ್ನು ನಂಬಿ ನುಸಿಗೆ ಔಷಧಿ ಹೊಡೆದ ತೋಟದ ಸೊಪ್ಪು ಕೊಯ್ದರೆ ಅದು ಹುಳುವಿಗೆ ವಿಷ.

ಕೂಡಲೇ ತಿದ್ದಿದೆವು. ಗುರುತು ಕುಂಬಳಕಾಯಿ. ಇನ್‌ವ್ಯಾಲಿಡೇಶನ್ ಕಳಿಸಿದೆ. ಸ್ಥಿತಿ ಕೇಳಿದರೆ ಮೊದಲು ನಡೆಯುತ್ತಿದೆ ಎಂದಿತು, ಸ್ವಲ್ಪ ಹೊತ್ತಿಗೆ ಕಂಪ್ಲೀಟೆಡ್ ಎಂದಿತು. ಕರ್ಲ್ ಹಾಕಿದೆ. ಕುಂಬಳಕಾಯಿ, ವಯಸ್ಸು ಸೊನ್ನೆ. ಬೇರೆ ಸಿಮ್ಮಿನಿಂದ ಹಾಕಿದರೂ ಕುಂಬಳಕಾಯಿ. ಚಂದ್ರಶೇಖರಯ್ಯನವರು ಒಕ್ಕೂಟಕ್ಕೆ, ತಪ್ಪು ಸರಿಪಡಿಸಲಾಗಿದೆ, ಯಾರಿಗೂ ತೊಂದರೆಯಾಗಿಲ್ಲ ಎಂದು ಮೇಲ್ ಕಳಿಸಿದರು.

ನಾನು ನನ್ನ ರೂಢಿಯಂತೆ ಫೋನು ಹಿಡಿದೆ. ಚನ್ನಪಟ್ಟಣದಲ್ಲಿ ಕುಂಬಳಕಾಯಿ. ಮಾಗಡಿಯಲ್ಲಿ ಕುಂಬಳಕಾಯಿ. ಹಾರೋಹಳ್ಳಿಯಲ್ಲಿ ಔಷಧಿ ಅಂಗಡಿಯ ನಂಜುಂಡಪ್ಪ ಎಂಬುವರು ನನಗೆ ಪರಿಚಯ. ಅವರು ಪುಟ ತೆರೆದು, "ಹೀರೇಕಾಯಿ ಅಂತ ಐತಲ್ಲಮ್ಮ" ಎಂದರು. ಇನ್ನೊಮ್ಮೆ ತೆರೆಯಿರಿ ಎಂದೆ. ಇನ್ನೊಮ್ಮೆಯೂ ಹೀರೆಕಾಯಿ. ನಿನ್ನೆ ಈ ಪುಟ ನೋಡಿದ್ದಿರಾ ಎಂದು ಕೇಳಿದೆ. ನೋಡಿದ್ದರು. ಉಳಿದಿಬ್ಬರು ನೋಡಿರಲಿಲ್ಲ. ಆಗ ನನಗೆ ತಿಳಿಯಿತು. ನಾವು ಊರೂರಿನ ಕಂಪ್ಯೂಟರುಗಳಿಂದ ಅಳಿಸಿದ್ದೆವು. ನಿನ್ನೆಯೇ ಫೋನಿನೊಳಗೆ ಹೋಗಿ ಕೂತದ್ದನ್ನು ಅಳಿಸುವ ಆಜ್ಞೆ ಇಲ್ಲ. ಬಹಳ ಕಾಲ ಇಟ್ಟುಕೋ ಎಂದು ನಾವೇ ಹೇಳಿದ್ದೆವಲ್ಲ.

ನಂಜುಂಡಪ್ಪನವರು ಫೋನು ಇಡದೆ ಮತ್ತೊಂದು ಮಾತು ಹೇಳಿದರು. "ನೆನ್ನೆ ಮರಳವಾಡಿ ಜಯಮ್ಮ ಬಂದಿದ್ಲು. ನುಸಿಗೆ ಹೊಡ್ದಿದ್ಲಂತೆ, ಸೊಪ್ಪು ಯಾವಾಗ ಕೊಯ್ಬೋದು ಅಂತ ನನ್ ಫೋನ್ನಾಗೇ ನೋಡ್ಕೊಂಡು ಬರ್ಕೊಂಡೋದ್ಲು. ಅವ್ಳ ಹುಳ ನಾಕ್ನೆ ಜ್ವರ ಎದ್ದವೆ."

ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಹುಳುವಿನ ಹಸಿವು ಮಹಾ ಹಸಿವು. ಮನೆಮಂದಿಯೆಲ್ಲ ಸೊಪ್ಪು ಕೊಯ್ಯುವುದರಲ್ಲೇ ಇರುತ್ತಾರೆ. ಇಷ್ಟು ದಿನದ ದುಡಿಮೆ ನಿಲ್ಲುವುದೂ ಬೀಳುವುದೂ ಆ ವಾರದ ಸೊಪ್ಪಿನ ಮೇಲೆ. ನಂಜುಂಡಪ್ಪನವರಿಂದ ನಂಬರು ತೆಗೆದುಕೊಂಡು ಜಯಮ್ಮನಿಗೆ ಫೋನು ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಹುಳಿನ ಮನೆಯೊಳಕ್ಕೆ ಹೊರಗಿನ ಸಾಮಾನು ಒಯ್ಯಬಾರದೆಂದು ಅವರು ಫೋನನ್ನು ಹೊರಗೇ ಇಟ್ಟಿರುತ್ತಾರೆ. ತೋಟದ ನಡುವಿನ ಒಂಟಿ ಮನೆ ಎಂದು ನಂಜುಂಡಪ್ಪನವರು ದಾರಿ ಹೇಳಿದ್ದರು, ಪಕ್ಕದವರ ನಂಬರು ಯಾರ ಬಳಿಯೂ ಇರಲಿಲ್ಲ. ನನಗೆ ಹೆದರಿಕೆಯಾಯಿತು.

ಚಂದ್ರಶೇಖರಯ್ಯನವರ ಬಳಿ ಹೋಗಿ, ಎಲ್ಲ ರೈತರಿಗೂ ಈಗಲೇ ಮೆಸೇಜು ಕಳಿಸಬೇಕು ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕಂಪ್ಲೀಟೆಡ್ ಅಂತ ಬಂದಿದೆಯಲ್ಲ ರತ್ನಮ್ಮನವರೇ. ಮೇಲ್ ಕೂಡ ಕಳಿಸಿಯಾಯ್ತು. ಈಗ ಮೆಸೇಜು ಹಾಕಿದ್ರೆ ನಮ್ಮ ತಪ್ಪನ್ನ ನಾವೇ ಡಂಗುರ ಹೊಡ್ದಂಗೆ."

"ನಮ್ಮ ಕಡೆ ಕಂಪ್ಲೀಟ್ ಆಗಿದೆ ಸಾರ್. ಅವ್ರ ಕಡೆ ಸೊಪ್ಪು ಕೊಯ್ತಾವ್ರೆ."

ಅವರು ಕಿಟಕಿಯ ಕಡೆ ನೋಡಿದರು. ಆ ಒಕ್ಕೂಟದ ಕೆಲಸ ತಪ್ಪಿಹೋದರೆ ನಮ್ಮಲ್ಲಿ ಅರ್ಧ ಜನ ಮನೆಗೆ ಹೋಗಬೇಕಾಗಿತ್ತು, ಅದು ನನಗೂ ಗೊತ್ತಿತ್ತು. ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ಅವರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಮೆಸೇಜನ್ನು ತಾವೇ ಟೈಪು ಮಾಡಿದರು. ಹೀರೆಕಾಯಿ ಎಂದಿರುವ ಪುಟವನ್ನು ನಂಬಬೇಡಿ, ನುಸಿಗೆ ಹೊಡೆದ ತೋಟದ ಸೊಪ್ಪು ಕೊಯ್ಯಬೇಡಿ, ತಪ್ಪು ನಮ್ಮದು. ಕಳಿಸಿದ ಮೇಲೆ ಕಾರಿನ ಕೀ ಕೈಗೆತ್ತಿಕೊಂಡು, ಜಯಮ್ಮನ ಮನೆ ನಿಮಗೆ ಗೊತ್ತಾ ಎಂದು ಕೇಳಿದರು.

ಕನಕಪುರ ದಾಟಿ ಮರಳವಾಡಿ ತಲುಪುವವರೆಗೆ ನಾನು ಮತ್ತೆ ಮತ್ತೆ ಆ ನಂಬರಿಗೆ ಕರೆ ಮಾಡುತ್ತಲೇ ಇದ್ದೆ.

ಹುಳಿನ ಮನೆಯ ಮುಂದೆ ರೋಗ ತಡೆಯಲು ಸುಣ್ಣ ಚೆಲ್ಲಿತ್ತು. ಅದನ್ನು ದಾಟಿ ಹೋಗುವಂತಿಲ್ಲ. ಹಲಗೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದಪ್ಪ ಅಕ್ಷರಗಳಲ್ಲಿ ನಮ್ಮ ಪುಟದ ಸಾಲನ್ನು ಬರೆದಿದ್ದರು. ನುಸಿ ಔಷಧಿ, ಕಾಯಬೇಕಾದ ದಿನ. ಅದರ ಕೆಳಗೆ ಹೀರೆಕಾಯಿ. ಒಳಗೆ ಕೆಲಸ ಮಾಡುವವರೆಲ್ಲ ನೋಡಲಿ ಎಂದು ಹಾಗೆ ಬರೆಯುವುದು ಆ ಮನೆಯ ರೂಢಿ. ನಾವು ಅಳಿಸಿದ್ದೇವೆ ಎಂದುಕೊಂಡಿದ್ದ ಪುಟ ಅಲ್ಲಿ ನಿಂತಿತ್ತು.

ಕೂಗಿದೆವು. ಜಯಮ್ಮ ಹೊರಗೆ ಬಂದಳು. ನನಗಿಂತ ಚಿಕ್ಕವಳು, ತಲೆಗೆ ಬಟ್ಟೆ ಕಟ್ಟಿದ್ದಳು. ನಾನು ವಿಷಯ ಹೇಳಿದೆ. ಅವಳು ಒಳಗೆ ತಿರುಗಿ, ಯಾರೂ ಸೊಪ್ಪು ಮುಟ್ಟಬೇಡಿ ಎಂದು ಕೂಗಿ ಹೇಳಿದಳು. ಒದ್ದೆ ಗೋಣಿ ಹೊದಿಸಿದ್ದ ಹೊಸ ಸೊಪ್ಪಿನ ಹೊರೆಗಳು ಗೋಡೆಗೆ ಒರಗಿದ್ದವು. ಸಂಜೆಯ ಮೇವಿಗೆಂದು ಕೊಯ್ದವು. ಆದರೆ ಬಾಗಿಲ ಪಕ್ಕದ, ಹುಳು ಮೇಯಿಸುವ ಒಂದು ಸ್ಟ್ಯಾಂಡಿಗೆ ಮಧ್ಯಾಹ್ನವೇ ಅದೇ ಸೊಪ್ಪು ಹಾಕಿಯಾಗಿತ್ತು.

ಅವಳು ಒಳಗೆ ಹೋಗಿ ಒಂದು ಮೊರದಲ್ಲಿ ಆ ಸ್ಟ್ಯಾಂಡಿನ ಹುಳುಗಳನ್ನು ತಂದು ಬೆಳಕಿಗೆ ಹಿಡಿದಳು. ಬೆರಳುದ್ದದ ಬಿಳಿ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಬಾಯಿಂದ ಹಸಿರು ನೀರು ಬರುತ್ತಿತ್ತು. ನಾನು ಹುಳು ಮೇಯಿಸುವವರ ಮನೆಯಲ್ಲೇ ಹುಟ್ಟಿದವಳು. ಅವು ಉಳಿಯುವುದಿಲ್ಲವೆಂದು ಯಾರೂ ಹೇಳಬೇಕಾಗಿರಲಿಲ್ಲ.

ಚಂದ್ರಶೇಖರಯ್ಯನವರಿಗೆ ಏನಾದರೂ ಹೇಳಬೇಕೆನ್ನಿಸಿರಬೇಕು. "ತಪ್ಪು ಪುಟಾನ ಬೆಳಗ್ಗೆನೇ ಅಳಿಸ್ಬಿಟ್ಟಿದ್ವಮ್ಮ" ಎಂದರು.

"ನೀವು ಅಳ್ಸುಬುಟ್ರಿ ಸಾರ್," ಎಂದಳು ಜಯಮ್ಮ. "ಇವು ತಿಂದ್ಬುಟ್ವು."

ಬೈಗುಳದ ದನಿಯಲ್ಲ. ಇದ್ದದ್ದನ್ನು ಹೇಳಿದಳು. ಚಂದ್ರಶೇಖರಯ್ಯನವರು ಒಂದು ಒದ್ದೆ ಬಟ್ಟೆ ಕೊಡಿ ಎಂದು ಕೇಳಿ, ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಆ ಬಾಗಿಲನ್ನು ಮೇಲಿನಿಂದ ಕೆಳಗಿನವರೆಗೆ ತಾವೇ ಒರೆಸಿದರು. ಹೀರೆಕಾಯಿಯನ್ನೂ ಒರೆಸಿದರು. ಬಿಳಿ ಅಂಗಿಯ ತೋಳಿಗೆಲ್ಲ ಸುಣ್ಣ. ನನ್ನ ಇಡೀ ನೌಕರಿಯಲ್ಲಿ ಪೂರ್ತಿಯಾಗಿ ಮುಗಿದ ಇನ್‌ವ್ಯಾಲಿಡೇಶನ್ ಎಂದರೆ ನನಗೆ ನೆನಪಾಗುವುದು ಅದೊಂದೇ.

ಮಿಕ್ಕ ಹುಳು ಉಳಿದವು. ನೆಂಟರು, ಅಕ್ಕಪಕ್ಕದ ತೋಟದವರು ತಲೆಗೊಂದು ಹೊರೆಯಂತೆ ಸೊಪ್ಪು ತಂದುಕೊಟ್ಟರು. ಹುಳು ಮೇಯಿಸುವವರಲ್ಲಿ ಸೊಪ್ಪಿನ ಸಾಲ ಕೇಳಲು ನಾಚಿಕೆಯಿಲ್ಲ, ಕೊಡಲು ತಡವಿಲ್ಲ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಂಕಿಯ ಬಿದಿರು ತಟ್ಟೆಗೆ ಬಿಡುವಾಗ ಆ ಒಂದು ಸ್ಟ್ಯಾಂಡು ಬರಿದಾಗಿತ್ತು. ಮೆಸೇಜು ನೋಡಿ ಸೊಪ್ಪು ಹಾಕದೆ ನಿಲ್ಲಿಸಿದೆವು ಎಂದು ಬೇರೆ ಊರುಗಳಿಂದಲೂ ಕೆಲವರು ಫೋನು ಮಾಡಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋದ ಮಾತಿನ ಹಿಂದೆ ಇನ್ನೊಂದು ಮಾತನ್ನಾದರೂ ಅಟ್ಟಬಹುದು, ನಾವು ಮಾಡಿದ್ದು ಅಷ್ಟೇ.

ಚಂದ್ರಶೇಖರಯ್ಯನವರು ಒಕ್ಕೂಟಕ್ಕೆ ಮತ್ತೊಂದು ಮೇಲ್ ಬರೆದು ಮೊದಲಿನದನ್ನು ಹಿಂತೆಗೆದುಕೊಂಡರು. ಒಕ್ಕೂಟದವರು ಬಹಳ ದಿನ ಮುಖ ಊದಿಸಿಕೊಂಡಿದ್ದರು, ಆದರೆ ಕೆಲಸ ಬಿಡಿಸಲಿಲ್ಲ. ಔಷಧಿಯ ಪುಟವನ್ನು ಫೋನು ಇಟ್ಟುಕೊಳ್ಳದೆ ಪ್ರತಿ ಸಲ ಬಂದು ಕೇಳುವಂತೆ ಬದಲಾಯಿಸಿದೆವು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೂ ಬೇಕಾದ ಕೆಲಸವೇ, ಊರಿನಲ್ಲಿ ಕೋಟೆ ಒಂದೇ ಇರುವುದಿಲ್ಲವಲ್ಲ. ಅಂದಿನಿಂದ ಅವರು ಯಾವ ವರದಿಯಲ್ಲೂ ಕಂಪ್ಲೀಟೆಡ್ ಎಂಬ ಪದವನ್ನು ಬರೆಯಲು ಬಿಡಲಿಲ್ಲ. ಯಾರನ್ನು ಕೇಳಿದಿರಿ, ಅವರು ಏನು ಕಾಣುತ್ತಿದೆ ಎಂದರು, ಅದನ್ನು ಬರೆಯಿರಿ ಎನ್ನುತ್ತಿದ್ದರು.

ನಾನು ನಿವೃತ್ತಳಾದ ಮೇಲೆ ಒಮ್ಮೆ ಮರಳವಾಡಿಗೆ ಹೋಗಿದ್ದೆ. ಹುಳಿನ ಮನೆಯ ಬಾಗಿಲ ಮೇಲೆ ಔಷಧಿ, ದಿನ ಯಾವುದೂ ಇರಲಿಲ್ಲ. ಅಲ್ಲಿ ನನ್ನ ಫೋನ್ ನಂಬರನ್ನು ಬರೆದಿದ್ದಳು. ನಾನು ಕೆಲಸ ಬಿಟ್ಟಿದ್ದೇನೆ ಜಯಮ್ಮ, ಈಗ ಹೊಸಬರಿದ್ದಾರೆ, ಅವರನ್ನು ಕೇಳು ಎಂದೆ. ತಲೆಯಾಡಿಸಿದಳು. ನಂಬರನ್ನು ಒರೆಸಲಿಲ್ಲ.

ಈಗಲೂ ಪ್ರತಿ ಬೆಳೆಗೆ ಅವಳ ಫೋನು ಬರುತ್ತದೆ. ನಾನು ಹಳೆಯ ಲ್ಯಾಪ್‌ಟಾಪ್ ತೆಗೆದು, ಕಪ್ಪು ಪರದೆಯಲ್ಲಿ ಆ ಒಂದು ಸಾಲು ಹೊಡೆಯುತ್ತೇನೆ. ಹೊಸಬರು ತರಕಾರಿ ಹಾಕುವುದನ್ನು ಬಿಟ್ಟಿಲ್ಲ. ನನಗೆ ಏನು ಕಂಡಿತೆಂದು ಹೇಳುವುದಿಲ್ಲ, ಅವಳಿಗೆ ಏನು ಕಾಣುತ್ತಿದೆ ಎಂದು ಮೊದಲು ಕೇಳುತ್ತೇನೆ. ಕಳೆದ ಸಲ ಅವಳ ಹಿಂದೆ ಹುಳುಗಳು ಸೊಪ್ಪು ತಿನ್ನುವ ಸದ್ದು ಕೇಳಿಸುತ್ತಿತ್ತು. ಫೋನನ್ನು ಬಾಗಿಲವರೆಗೆ ತಂದಿದ್ದಳು.

"ಸೋರೆಕಾಯಿ ಅಂತ ಐತೆ ರತ್ನಕ್ಕ. ಸೊಪ್ಪು ಹಾಕ್ಲಾ?"

ನನ್ನ ಪರದೆಯನ್ನು ಇನ್ನೊಮ್ಮೆ ನೋಡಿದೆ. ಅಲ್ಲೂ ಸೋರೆಕಾಯಿ. ಹಾಕು ಎಂದೆ.